ಮೋಲಿಯೇರನ ಕೊನೆಯ ವೇಷ

1673ನೆಯ ಇಸವಿ ಫೆಬ್ರವರಿ 17ನೆಯ ದಿನ ಪ್ಯಾರಿಸ್ ಪಟ್ಟಣದಲ್ಲಿ ಒಂದು ಹೊಸ ಪ್ರಹಸನದ ನಾಲ್ಕನೆಯ ಪ್ರಯೋಗವು ನಡೆಯಬೇಕಾಗಿದ್ದಿತು. ಯಾವ ರೋಗವೂ ಇಲ್ಲದೆ ತಾನು ರೋಗಿಯೆಂದು ಭ್ರಮಿಸಿ ವೈದ್ಯರಿಗೆ ಹಣ ಸುರಿಯುವ ಗೃಹಸ್ಥನೊಬ್ಬನು ಅದರ ನಾಯಕನು. ಆ ವೇಷವನ್ನು ಧರಿಸತಕ್ಕವನು ಗ್ರಂಥಕರ್ತನಾದ ಮೋಲಿಯೇರನೇ. ಅವನೋ ನಿಜವಾದ ರೋಗಿ; ಎದೆಯ ವ್ಯಾಧಿಯು ಬಹುಕಾಲದಿಂದ ಅವನನ್ನು ಹಣ್ಣುಮಾಡಿದ್ದಿತು. ಇಂದು ರಂಗವನ್ನೇರಬೇಡವೆಂದು ಹೆಂಡತಿಯೂ ಶಿಷ್ಯನೂ ಬೇಡಿಕೊಂಡರಂತೆ. ದಿನಗೂಲಿಯಿಂದ ಜೀವಿಸುವ ಐವತ್ತು ಮಂದಿ ಬಡ ಕೆಲಸಗಾರರಿರುವರು, ಆಟವು ನಿಂತರೆ ಅವರ ಗತಿಯೇನೆಂದು ಅವನು ಕೇಳಿದನೆಂದು, 1705ರಲ್ಲಿ ಅವನ ಚರಿತ್ರೆಯನ್ನು ಪ್ರಕಟಿಸಿದ ಗ್ರಿಮಾರೆಸ್ತನು ಹೇಳುತ್ತಾನೆ.

ಈ ಹಟವು ಅವನಿಗೆ ಹೊಸದಲ್ಲ. 1622ರಲ್ಲಿ ಹುಟ್ಟಿದ ಅವನ ನಿಜವಾದ ಹೆಸರು ಝಾನ್ ಬಾಪ್ತಿಸ್ತ್ ಪೋಕ್ಲೆನ್. ತಂದೆಯು ಅರಮನೆಯ ಆಸನ, ಪರದೆಗಳನ್ನು ಸಜ್ಜುಗೊಳಿಸುವ ಗೌರವದ ಉದ್ಯೋಗದಲ್ಲಿದ್ದನು. ಅದು ಮಗನಿಗೂ ಬರತಕ್ಕದ್ದಾಗಿದ್ದಿತು. 1643ರಲ್ಲಿ ಅದನ್ನು ತೊರೆದು ಅವನು ನಟರೊಡನೆ ಸೇರಿದನು. ಎರಡು ವರ್ಷಗಳೊಳಗಾಗಿ ಸಾಲದ ದೆಸೆಯಿಂದ ಸೆರೆಮನೆಯನ್ನೂ ಕಂಡನು. ಬಳಿಕ ಸುಮಾರು ಹದಿಮೂರು ವರ್ಷ ಊರೂರು ಅಲೆತ. 1658ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಮುಂದೆ ಆಡುವ ಭಾಗ್ಯವೊದಗಿತು. ಮೊದಲು ಆಡಿದ ಗಂಭೀರ ನಾಟಕವು ಅಷ್ಟಾಗಿ ರುಚಿಸಲಿಲ್ಲ. ಕೊನೆಗೆ ಆಡಿದ ಚಿಕ್ಕ ಪ್ರಹಸನವು ದೊರೆಯನ್ನು ನಗಿಸಿತು. ಆ ನಗೆಯೇ ಅವನ ಬಾಳನ್ನು ತಿದ್ದಿತು.

ಆದರೆ ಎಲ್ಲರೂ ನಗಲಿಲ್ಲ. ಭಕ್ತನಂತೆ ನಟಿಸಿ ಆಶ್ರಯವಿತ್ತ ಮನೆಯನ್ನೇ ಕೆಡಿಸುವ ಡಾಂಭಿಕನೊಬ್ಬನನ್ನು 1664ರಲ್ಲಿ ‘ತಾರ್ತುಫ್’ ಎಂಬ ನಾಟಕದಲ್ಲಿ ಚಿತ್ರಿಸಿದನು. ಧರ್ಮಾಭಿಮಾನಿಗಳು ಕೆರಳಿದರು, ನಾಟಕದ ಬಹಿರಂಗ ಪ್ರಯೋಗವು ನಿಷಿದ್ಧವಾಯಿತು. ದಂಭವನ್ನು ತೋರಿಸಿದರೆ ಧರ್ಮವನ್ನೇ ಹಳಿದಂತೆ ಇವರಿಗೇಕೆ ತೋರಬೇಕೋ! ಋಷಿಗಳನ್ನು ಅಣಕಿಸಿದ ಭರತಪುತ್ರರಿಗೆ ಶಾಪವೊದಗಿದ ವೃತ್ತಾಂತವನ್ನು ನಾಟ್ಯಶಾಸ್ತ್ರದ ಕೊನೆಯಲ್ಲಿ ಓದಿದವರಿಗೆ ಇದು ಅಪೂರ್ವವೆನಿಸದು. ಐದು ವರ್ಷ ಕಾದು 1669ರಲ್ಲಿ ಅವನು ಅನುಮತಿಯನ್ನು ಪಡೆದನು.

ಆ ಫೆಬ್ರವರಿಯ ದಿನ ಆಟದ ಅಂತ್ಯದಲ್ಲಿ ಅವನ ದೇಹವು ಸೆಟೆದು ನಡುಗಿತು. ಬಲವಂತದ ನಗೆಯಿಂದ ಅದನ್ನು ಮರೆಮಾಚಿ ವೇಷವನ್ನು ಮುಗಿಸಿದನು. ಅದೇ ರಾತ್ರಿ ಮನೆಯಲ್ಲಿ ಪ್ರಾಣವು ಹೋಯಿತು. ಕರೆಕಳುಹಿದ ಪಾದ್ರಿಗಳಲ್ಲಿ ಇಬ್ಬರು ಬರಲೊಪ್ಪಲಿಲ್ಲ. ಮೂರನೆಯವನು ತಲಪುವಷ್ಟರಲ್ಲಿ ಎಲ್ಲವೂ ಮುಗಿದಿದ್ದಿತು. ನಟವೃತ್ತಿಯನ್ನು ತ್ಯಜಿಸುವೆನೆಂದು ಹೇಳದೆ ಸತ್ತವನಿಗೆ ಪವಿತ್ರಭೂಮಿಯಿಲ್ಲವೆಂದು ಇಗರ್ಜಿಯವರು ಹಟಹಿಡಿದರು. ಹೆಂಡತಿ ಆರ್ಮಾಂದಳು ದೊರೆಯ ಬಳಿಗೆ ಓಡಿದಳು. ಕಟ್ಟಕಡೆಗೆ ಸಮ್ಮತಿ ದೊರೆಯಿತು: ಹಗಲಿನಲ್ಲಿ ಕೂಡದು, ವೈಭವವು ಕೂಡದು. ನಾಲ್ಕು ದಿನಗಳ ಮೇಲೆ, ರಾತ್ರಿಯ ಹೊತ್ತು, ರಾಜಧಾನಿಯನ್ನೆಲ್ಲ ನಗಿಸಿದವನನ್ನು ಮಣ್ಣುಮಾಡಿದರು.

ಏಳು ವರ್ಷಗಳ ತರುವಾಯ ಅದೇ ದೊರೆಯ ಅಪ್ಪಣೆಯಂತೆ ಎರಡು ನಟಮಂಡಲಿಗಳು ಒಂದಾಗಿ ಫ್ರಾನ್ಸಿನ ರಾಷ್ಟ್ರೀಯ ನಾಟಕಶಾಲೆಯು ಹುಟ್ಟಿತು. ಅದಕ್ಕೆ ಮೋಲಿಯೇರನ ಮನೆಯೆಂದೇ ಹೆಸರು. ರೋಗಿಯ ವೇಷದಲ್ಲಿ ಅವನು ಕುಳಿತಿದ್ದ ಕುರ್ಚಿಯನ್ನು ಅಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿರುವರು.