ಗರ್ಭದ ನೀರು ಹೆಚ್ಚಾದಾಗ

ಬಸಿರಿನ ಎರಡನೇ ಅರ್ಧದಲ್ಲಿ ಗರ್ಭದ ನೀರು ಬಹುಪಾಲು ಮಗುವಿನದೇ ಮೂತ್ರ. ಮಗು ಅದನ್ನು ನುಂಗುತ್ತ, ಮತ್ತೆ ಹೊರಬಿಡುತ್ತ ಇರುವುದರಿಂದ ನೀರು ಹದದಲ್ಲಿರುತ್ತದೆ. ಈ ಹದ ತಪ್ಪಿ ನೀರು ಹೆಚ್ಚಾಗುವುದೇ ಪಾಲಿಹೈಡ್ರಾಮ್ನಿಯೋಸ್. ಸ್ಕ್ಯಾನಿಂಗ್‌ನಲ್ಲಿ ನೀರಿನ ಅತಿ ಆಳದ ಭಾಗ 8 ಸೆಂ.ಮೀ. ಮುಟ್ಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ತಾಯಿಯ ಸಕ್ಕರೆ ಕಾಯಿಲೆ, ಅವಳಿ ಗರ್ಭ, ಮಗುವಿನ ಅನ್ನನಾಳ ಮುಚ್ಚಿಕೊಂಡಿರುವುದು ಇದಕ್ಕೆ ಕಾರಣವಾಗಬಹುದು. ಎಷ್ಟೋ ಸಲ ಕಾರಣವೇ ಸಿಗದು. ಹೆಚ್ಚು ನೀರು ಕುಡಿದದ್ದಕ್ಕೇ ಹೀಗಾಯಿತೆಂದು ಬಸುರಿಯನ್ನು ದೂರುವುದು ಅನ್ಯಾಯ.

ಸೌಮ್ಯವಾಗಿದ್ದರೆ ಸಕ್ಕರೆ ಪರೀಕ್ಷೆ, ಆಗಾಗ ಸ್ಕ್ಯಾನಿಂಗ್ ಸಾಕಾಗುತ್ತದೆ. ವಿಪರೀತವಾದಾಗ ಹೊಟ್ಟೆ ಬಿಗಿದು, ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಎಡ ಮಗ್ಗುಲಿಗೆ ಒರಗಿದರೆ ತುಸು ಹಾಯೆನಿಸುತ್ತದೆ. ತೀರಾ ಕಷ್ಟವಾದರೆ ಸೂಜಿಯಿಂದ ನೀರನ್ನು ನಿಧಾನವಾಗಿ ತೆಗೆಯುವುದುಂಟು. ಅದು ಮತ್ತೆ ತುಂಬಿಕೊಳ್ಳಬಹುದು.

ಅವಧಿಗೆ ಮುನ್ನ ಹೆರಿಗೆ, ಹೆರಿಗೆಯ ನಂತರ ಹೆಚ್ಚು ರಕ್ತಸ್ರಾವ, ಎರಡರ ಭಯವೂ ಇರುವುದರಿಂದ ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯನ್ನೇ ಮೊದಲೇ ಗೊತ್ತುಮಾಡಿಕೊಳ್ಳಬೇಕು. ನೀರು ಒಡೆದ ರಭಸಕ್ಕೆ ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿ ಬರಬಹುದು. ಆಗ ಬಳ್ಳಿ ಒತ್ತಿಹೋಗಿ ಮಗುವಿಗೆ ರಕ್ತ ಹರಿಯುವುದು ನಿಲ್ಲಬಹುದು. ಹಾಗಾಗಿ ನೀರು ಒಡೆದರೆ ನೋವು ಬರಲೆಂದು ಕಾಯಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.