ಎಣಿಸುವವರು, ಓದುವವರು

ಪರೀಕ್ಷೆ ಮುಗಿಸಿ ಹೊರಗೆ ಬರುವ ನಮ್ಮ ಮಕ್ಕಳು ಒಬ್ಬರನ್ನೊಬ್ಬರು ಮೊದಲು ಕೇಳುವ ಪ್ರಶ್ನೆ, "ನೀನು ಎಷ್ಟು ಅಡಿಷನಲ್ ಶೀಟ್ ತೆಗೊಂಡದ್ದು?" ಏನು ಬರೆದೆ ಎಂಬ ಮಾತು ಆಮೇಲೆ. ಮಕ್ಕಳಾಟ ಎಂದು ನಾವು ನಗುತ್ತೇವೆ. ಆದರೆ ಇದೇ ಲೆಕ್ಕ ದೊಡ್ಡ ದೊಡ್ಡ ಸಂಶೋಧಕರ ನಡುವೆಯೂ ಇದೆಯಂತೆ. ಹೇಳಿದವನು ನನ್ನ ಹಳೆಯ ಶಿಷ್ಯ.

ಹತ್ತನೇ ತರಗತಿಯವರೆಗೆ ನಮ್ಮಲ್ಲಿ ಕನ್ನಡದಲ್ಲೇ ಕಲಿತವನು. ಈಗ ಸಾಫ್ಟ್‌ವೇರ್ ಇಂಜಿನಿಯರಿಂಗಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಎರಡು ವರ್ಷ ಕಷ್ಟಪಟ್ಟು ಒಂದು ಕೆಲಸ ಮುಗಿಸಿದ್ದಾನೆ. ಅದನ್ನು ಮೂರು ತುಂಡು ಮಾಡಿ ಮೂರು ಪ್ರಬಂಧವಾಗಿ ಕಳಿಸು ಎಂದು ಮಾರ್ಗದರ್ಶಕರ ಸಲಹೆ. "ತುಂಡು ಮಾಡಿದರೆ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ ಮಾಷ್ಟ್ರೇ. ಮಾಡದಿದ್ದರೆ ಸಂಖ್ಯೆ ಸಾಲುವುದಿಲ್ಲ, ಕೆಲಸ ಸಿಗುವುದಿಲ್ಲ" ಎಂದ.

ಆ ಲೋಕದ ಲೆಕ್ಕ ಹೀಗಿದೆ. ನಿಮ್ಮ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್, ಅಂದರೆ ಉಲ್ಲೇಖ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಇದಕ್ಕೊಂದು ಸೂತ್ರ ಕೊಟ್ಟರು, ಎಚ್-ಇಂಡೆಕ್ಸ್. ಒಬ್ಬರ ಐದು ಪ್ರಬಂಧಗಳಿಗೆ 40, 12, 5, 3, 1 ಉಲ್ಲೇಖ ಬಂದಿವೆ ಎನ್ನಿ. ಮೂರು ಪ್ರಬಂಧಗಳಿಗೆ ಕನಿಷ್ಠ ಮೂರು ಉಲ್ಲೇಖ ಇವೆ, ನಾಲ್ಕಕ್ಕೆ ನಾಲ್ಕು ಇಲ್ಲ. ಆದ್ದರಿಂದ ಎಚ್-ಇಂಡೆಕ್ಸ್ 3. ಮೊದಲನೆಯದಕ್ಕೆ 40ರ ಬದಲು 40,000 ಬಂದಿದ್ದರೂ ಉತ್ತರ 3ೇ! ಬೇಕಾದರೆ ಮಾಡಿ ನೋಡಿ.

ಇದನ್ನು ಕೇಳಿದಾಗ ಶಿಷ್ಯನೇ ಪರಿಚಯಿಸಿದ ಡೇವಿಡ್ ಪಾರ್ನಾಸ್ ನೆನಪಾದರು. ಸಾಫ್ಟ್‌ವೇರ್ ಇಂಜಿನಿಯರಿಂಗಿನ ಹಿರಿಯರಲ್ಲಿ ಒಬ್ಬರು. 1972ರ ಡಿಸೆಂಬರಿನಲ್ಲಿ 'ಕಮ್ಯುನಿಕೇಶನ್ಸ್ ಆಫ್ ದಿ ಎಸಿಎಂ' ಪತ್ರಿಕೆಯಲ್ಲಿ ಅವರದೊಂದು ಪ್ರಬಂಧ ಬಂತು. ಬರೇ ಆರು ಪುಟ. ದೊಡ್ಡ ಪ್ರೋಗ್ರಾಮನ್ನು ಭಾಗ ಮಾಡುವುದು ಹೇಗೆ ಎಂಬುದು ವಿಷಯ. ಕೆಲಸ ನಡೆಯುವ ಕ್ರಮದಂತೆ, ಮೊದಲು ಇದು ಆಮೇಲೆ ಅದು ಎಂದು ತುಂಡು ಮಾಡಬೇಡಿ. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಭಾಗದೊಳಗೆ ಬಚ್ಚಿಡಿ ಎಂದರು.

ನನಗಿದು ಅರ್ಥವಾದದ್ದು ಶಾಲೆಯ ಅಡುಗೆಮನೆಯಿಂದ. ತರಗತಿಯಿಂದ ಅಲ್ಲಿಗೆ ಹೋಗುವುದು ಇವತ್ತು ಎಷ್ಟು ಮಕ್ಕಳು ಎಂಬ ಒಂದು ಚೀಟಿ ಮಾತ್ರ. ಗಂಜಿ ಹೋಗಿ ಅನ್ನ-ಸಾಂಬಾರು ಬರಲಿ, ಸೌದೆ ಹೋಗಿ ಗ್ಯಾಸ್ ಬರಲಿ, ಚೀಟಿ ಬದಲಾಗುವುದಿಲ್ಲ. ಅಡುಗೆಯ ಗುಟ್ಟು ಅಡುಗೆಯವರಲ್ಲೇ ಇರುತ್ತದೆ. ಪಾರ್ನಾಸ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆ ಆರು ಪುಟಗಳಿಗೆ ಈವರೆಗೆ ಸಾವಿರಾರು ಉಲ್ಲೇಖಗಳು ಬಂದಿವೆ. ಇಂದಿಗೂ ಕಾಲೇಜುಗಳಲ್ಲಿ ಅದನ್ನು ಕಲಿಸುತ್ತಾರೆ.

ಇಷ್ಟು ಉಲ್ಲೇಖ ಪಡೆದ ಮನುಷ್ಯ 2007ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದದ್ದೇನು ಗೊತ್ತೇ? ಈ ಸಂಖ್ಯೆಯಾಟ ನಿಲ್ಲಿಸಿ ಎಂದು. ಪ್ರಬಂಧಗಳನ್ನು ಓದದೆ ಬರಿದೇ ಎಣಿಸಿದರೆ ಜನ ಮೇಲುಮೇಲಿನ ಕೆಲಸ ಮಾಡುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ಅರೆಬೆಂದ ವಿಚಾರಗಳನ್ನು ಅಚ್ಚಿಗೆ ಕಳಿಸುತ್ತಾರೆ ಎಂಬುದು ಅವರ ವಾದ. ಉಲ್ಲೇಖಗಳನ್ನು ಎಣಿಸಿದರೂ ಅಷ್ಟೆ. ಇದು ತಪ್ಪು ಎಂದು ತೋರಿಸಲು ಹೆಸರಿಸಿದರೂ ಒಂದು ಲೆಕ್ಕ, ತಾನು ತುಂಬ ಓದಿದ್ದೇನೆ ಎಂದು ತೋರಿಸಲು ಹೆಸರಿಸಿದರೂ ಒಂದು ಲೆಕ್ಕ. ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಅವರನ್ನು ತಳ್ಳಿಹಾಕುವ ಹಾಗಿಲ್ಲ. ದ್ರಾಕ್ಷಿ ಅವರ ಕೈಯಲ್ಲೇ ಇತ್ತು.

ಶಿಷ್ಯನಿಗೆ ಏನು ಹೇಳಲಿ? ತಿಂಗಳ ಸಂಬಳ ಬರುವ ನಾನು, ಸಂಖ್ಯೆ ಲೆಕ್ಕಿಸಬೇಡ ಎನ್ನುವುದು ಸುಲಭ. "ಮೊದಲು ಪೂರ್ತಿ ಕೆಲಸವನ್ನು ಒಂದಾಗಿ ಬರೆ. ಮಾರ್ಗದರ್ಶಕರ ಮುಂದೆ ಇಟ್ಟು, ಒಮ್ಮೆ ಓದಿ ಎಂದು ಕೇಳು. ಓದಿದ ಮೇಲೂ ತುಂಡು ಮಾಡು ಅಂದರೆ ಆಗ ಯೋಚಿಸುವ" ಎಂದೆ. ಈಗ ಬರೆಯುತ್ತಿದ್ದಾನೆ.

ಎಣಿಕೆಯೇ ಬೇಡ ಎನ್ನುವ ಧೈರ್ಯ ಗಡಿಯ ಈಚೆಗಿನ ನಮಗಂತೂ ಇಲ್ಲ. ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಕೇರಳದ ಶಾಲೆಗಳಲ್ಲಿ ಮಕ್ಕಳ ತಲೆಎಣಿಕೆ. ನಾಲ್ಕು ಮಕ್ಕಳು ಕಡಿಮೆಯಾದರೆ ಕನ್ನಡದ ಒಂದು ಡಿವಿಷನ್ ಹೋಗಬಹುದು, ಜೊತೆಗೆ ಒಬ್ಬ ಅಧ್ಯಾಪಕರ ಹುದ್ದೆಯೂ. ಹಾಗಾಗಿ ಮೇ ತಿಂಗಳ ಬಿಸಿಲಿನಲ್ಲಿ ಮನೆ ಮನೆ ಹತ್ತಿ ಮಕ್ಕಳನ್ನು ಕರೆಯುತ್ತೇವೆ, ಕರೆಯಲೇಬೇಕು. ಆದರೆ ಆ ಎಣಿಕೆ ಹೇಳುವುದು ಎಷ್ಟು ಮಕ್ಕಳು ಬಂದರು ಎಂದು ಮಾತ್ರ. ಬಂದ ಮಕ್ಕಳು ಏನು ಕಲಿತರು ಎಂದು ತಿಳಿಯಲು ಅವರ ಪುಸ್ತಕ ಬಿಡಿಸಿ ಓದಬೇಕು. ನಲವತ್ತು ಪುಸ್ತಕ ಓದಲು ಹೊತ್ತು ಬೇಕು, ನಿಜ. ಆದರೆ ಅದೇ ಅಲ್ಲವೇ ನಮ್ಮ ಕೆಲಸ? ನೀವೇನಂತೀರಿ?