ನೆರಳಿನಂತಿದ್ದು ಪಡೆದ ಪತ್ರ

ಅಮೆರಿಕಾದಲ್ಲಿರುವ ನನ್ನ ಮೊಮ್ಮಗಳು ಅಲ್ಲಿಯ ದಂತವೈದ್ಯ ವಿದ್ಯಾಲಯವನ್ನು ಸೇರಬಯಸಿರುವಳು. ನಮ್ಮಲ್ಲಾದರೆ ನೀಟ್ ಪರೀಕ್ಷೆಯ ಅಂಕವೇ ಮುಖ್ಯ. ಶಿಫಾರಸು ಪತ್ರವನ್ನು ಯಾರೂ ಕೇಳರು. ಅಲ್ಲಿಯಾದರೋ ದಂತವೈದ್ಯರೊಬ್ಬರ ಬಳಿ ನೆರಳಿನಂತಿದ್ದು, ರೋಗಿಯ ಬಾಯಿಗೆ ಕೈಯಿಡದೆ, ಅವರ ಕೆಲಸವನ್ನು ನೋಡತಕ್ಕದ್ದು. 100 ಗಂಟೆಗಳ ನೋಟವನ್ನು ಬಯಸುವ ಶಾಲೆಗಳೂ ಉಂಟು. 'ಅಂತೇವಾಸಿ'ಯೆಂದರೆ ಗುರುವಿನ ಸಮೀಪದಲ್ಲಿ ವಾಸಿಸುವವನೆಂದು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಷ್ಟೆ. ಆ ಪದಕ್ಕೆ ಇಂದಿಗೂ ಜೀವವಿದೆಯೆಂದು ಈಕೆಯಿಂದ ತಿಳಿದೆನು.

ಪರಿಚಿತ ವೈದ್ಯರೊಬ್ಬರು, ಎರಡು ದಿನ ಬಂದು ಹೋದರೆ ಸಾಕು, ಪತ್ರವನ್ನು ನೀನೇ ಬರೆದು ತಾ, ರುಜು ಹಾಕುವೆನು ಎಂದರಂತೆ. ಇನ್ನೊಬ್ಬರು ಮಿತಭಾಷಿಣಿಯಾದ ವೃದ್ಧ ವೈದ್ಯೆ. ಆಕೆಯ ಬಳಿ ಇವಳು ಎಂಟು ತಿಂಗಳು ಶನಿವಾರಗಳಲ್ಲಿ ನಿಂತಿದ್ದಳು. ಹೆದರಿ ಅಳುತ್ತಿದ್ದ ಬಾಲಕನೊಬ್ಬನನ್ನು ಇವಳು ಮಾತನಾಡಿಸಿ ಸಮಾಧಾನಗೊಳಿಸಿದುದನ್ನು ಆಕೆ ಕಂಡಿದ್ದರು. ಇವಳು ತಡವಾಗಿ ಬಂದ ದಿನಗಳನ್ನೂ ಕಂಡಿದ್ದರು. "ಕಂಡುದನ್ನೇ ಬರೆಯುವೆನು" ಎಂದರು.

"ತಾತ, ಯಾರನ್ನು ಕೇಳಲಿ?" ಎಂದು ಮೊಮ್ಮಗಳು ದೂರವಾಣಿಯಲ್ಲಿ ಕೇಳಿದಳು. 'ನಡತೆ ಉತ್ತಮ'ವೆಂಬ ಒಂದೇ ಅಚ್ಚಿನ ಪತ್ರವು ಪುಂಡನಿಗೂ ಸಾಧುವಿಗೂ ಸಮನಾಗಿ ದೊರೆಯುವುದನ್ನು ಶಾಲೆಯಲ್ಲಿ ಬಹುಕಾಲ ನೋಡಿದವನು ನಾನು. ವೃದ್ಧೆಯನ್ನೇ ಕೇಳೆಂದೆನು.

ಅಂತಹ ಪತ್ರವನ್ನು ಓದುವ ಹಕ್ಕನ್ನು ವಿದ್ಯಾರ್ಥಿಯು ತಾನಾಗಿ ಬಿಟ್ಟುಕೊಡಲು 1974ರ ಅಲ್ಲಿಯ ಕಾಯಿದೆಯಲ್ಲಿ ಅವಕಾಶವಿದೆ. ಬಿಟ್ಟುಕೊಟ್ಟರೆ ಪತ್ರಕ್ಕೆ ತೂಕ ಹೆಚ್ಚು. ಇವಳು ಬಿಟ್ಟುಕೊಟ್ಟಳು. ಪತ್ರವು ಕಳೆದ ವಾರ ಹೋಯಿತು. ಅದರಲ್ಲೇನಿದೆಯೋ ಅವಳೂ ಅರಿಯಳು, ನಾನೂ ಅರಿಯೆನು.